ಬೇಕು ಅನ್ನದವಳು

"ಅತ್ತಿಗೇಗೆ ಹೊಲಿಗೆ ಮಿಷನ್ ಬಿತ್ತು ಕಣವ್ವೋ! ಮೊದಲ್ನೇ ಪ್ರೈಜು! ಡಬ್ಬದಿಂದ ತೆಗ್ದ ಚೀಟೀಲಿ ಅತ್ತಿಗೆ ಹೆಸ್ರೇ ಇತ್ತು, ನನ್ ಕಣ್ಣಾರೆ ನೋಡ್ದೆ!"

ಅಶ್ವತ್ಥಿ ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಗೆ ನುಗ್ಗಿದ್ದಳು. ಮತ್ತಿಗಿರಿಯ ಮಾದರ್ ಸಂಗದ, ಅಂದರೆ ಮಹಿಳಾ ಸಂಘದ, ಹೆಂಗಸರು ಪೊಂಗಲ್ ಹಬ್ಬಕ್ಕೆಂದು ಇಟ್ಟಿದ್ದ ಲಕ್ಕಿ ಚೀಟಿ ಅದು. ಊರಿನ ಹೆಂಗಸರೆಲ್ಲ ಎರಡೆರಡು ಚೀಟಿ ತೆಗೆದುಕೊಂಡು ತಿಂಗಳಿಂದ ಅದೇ ಮಾತಾಡುತ್ತಿದ್ದರು.

"ಚಪ್ಲಿ! ಚಪ್ಲಿ ಬಿಡೇ ಹುಚ್ ಮುಂಡೇದೆ, ಮನೇಲಿ ಅಮ್ಮನೋರವ್ರೆ!" ಎಂದು ಕೂಗಿದ ವರಲಕ್ಷ್ಮಮ್ಮ, ಮರುಕ್ಷಣವೇ, "ಏನಂದೆ? ಮಿಷನ್ನಾ? ದಿಟವಾಗ್ಲೂ?" ಎಂದು ಎದ್ದು ನಿಂತಳು.

"ಕಾಲಲ್ಲಿ ತುಳಿಯೋದು ಕಣವ್ವ. ಕರ್ರಗೆ ಮಿರಿಮಿರಿ ಅಂತೈತೆ. ಅತ್ತಿಗೆ, ಕೇಳಿಸ್ತಾ?"

ಗೋವಿಂದಮ್ಮ ಕಂಬಕ್ಕೆ ಒರಗಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ ನೋಡಿದಳು.

"ಕೇಳಿಸ್ತು."

"ಮಿಷನ್ ಅತ್ತಿಗೆ! ನಿಂದು!"

"ಹ್ಞೂಂ. ಒಳ್ಳೇದಾಯ್ತು."

ಅಷ್ಟು ಹೇಳಿ ಅವಳು ಒಂದು ಕಲ್ಲನ್ನು ಹೆಕ್ಕಿ ಪಕ್ಕಕ್ಕಿಟ್ಟಳು. ಮತ್ತೆ ಬೆರಳು ಅಕ್ಕಿಯೊಳಗೆ ಆಡತೊಡಗಿತು. ಅವಳ ಮುಖದಲ್ಲಿ ಬೇಸರವಿರಲಿಲ್ಲ, ಸಿಟ್ಟಿರಲಿಲ್ಲ, ಬಚ್ಚಿಟ್ಟ ನಗುವೂ ಇರಲಿಲ್ಲ. ಯಾರೋ ಬಂದು 'ಇವತ್ತು ಬುಧವಾರ' ಎಂದು ಹೇಳಿದರೆ ಹೇಗಿರುತ್ತದೋ ಹಾಗಿತ್ತು. ಅಶ್ವತ್ಥಿಗೆ ಬಿಸಿಲಲ್ಲಿ ಓಡಿಬಂದ ಬೆವರು ಬೆನ್ನ ಮೇಲೆ ತಣ್ಣಗಾಯಿತು.

ಯಾಕೆಂದರೆ ಇದೇ ಗೋವಿಂದಮ್ಮ ಮದುವೆಯಾಗಿ ರಾಯಕೋಟೆ ಕಡೆಯಿಂದ ಈ ಮನೆಗೆ ಬಂದ ವರ್ಷವೇ ಕಿಟಕಿ ಪಕ್ಕದ ಜಾಗವನ್ನು ಗೇಣು ಹಾಕಿ ಅಳೆದು, "ಇಲ್ಲಿ ನನ್ ಮಿಷನ್ ಬತ್ತದೆ, ಯಾರೂ ಏನೂ ಇಡಂಗಿಲ್ಲ" ಎಂದು ಹಟ ಹಿಡಿದಿದ್ದವಳು. ಗಂಡ ರಾಮಚಂದ್ರ ಹೊಸೂರಿನ ಕಾರ್ಖಾನೆಯಿಂದ ಬಂದರೆ ಅವನ ಊಟದ ಡಬ್ಬಿಯನ್ನು ತೆರೆದು ಮೂಸಿ ನೋಡುತ್ತಿದ್ದಳು, ಏನಾದರೂ ತಂದಿದ್ದಾನೇನೋ ಎಂದು. ಸಣ್ಣ ಬೋಂಡ ಸಿಕ್ಕರೂ ಕಣ್ಣು ಮುಚ್ಚಿ, ಭುಜ ಕುಣಿಸಿ ತಿನ್ನುತ್ತಿದ್ದಳು.

ಎಲ್ಲ ದಿನವೂ ಅಷ್ಟೇ ಕುಣಿತವಿರುತ್ತಿರಲಿಲ್ಲ. ಅದಕ್ಕೂ ಒಂದು ಲೆಕ್ಕಾಚಾರವಿತ್ತು. ಅದು ಮನೆಯ ಹೆಂಗಸರಿಗಷ್ಟೇ ಅಲ್ಲ, ಬಳೆ ಮಾರುವವನಿಗೂ ಗೊತ್ತಿತ್ತು. ತಿಂಗಳ ಮೈಲಿಗೆ ಕಳೆದು ನೀರು ಹುಯ್ದುಕೊಂಡ ಮುಂದಿನ ವಾರ ಗೋವಿಂದಮ್ಮನಿಗೆ ಲೋಕವೆಲ್ಲ ಹೊಳೆಯುತ್ತಿತ್ತು. ಗಾಜಿನ ಬಳೆ, ರಿಬ್ಬನ್ನು, ಬೀದಿಯ ಕಡ್ಲೆಪುರಿ, ಯಾವುದು ಕಂಡರೂ ಬೇಕು. ಮುಟ್ಟು ಹತ್ತಿರವಾದ ವಾರ ಅದೇ ಬಳೆಗಾರ ಬಂದು ಕೂಗಿದರೂ, "ಹೋಗಯ್ಯ, ತಲೆ ತಿನ್ಬೇಡ" ಎಂದು ಕದ ಹಾಕುತ್ತಿದ್ದಳು. "ನೀರು ಹುಯ್ಕೊಂಡ ವಾರ ಇವಳನ್ನ ಸಂತೆಗೆ ಮಾತ್ರ ಕಳಿಸ್ಬೇಡ್ರಪ್ಪ, ಸಂತೇನೇ ಹೊತ್ಕೊಂಡು ಬತ್ತಾಳೆ" ಎಂದು ವರಲಕ್ಷ್ಮಮ್ಮ ಆಡಿಕೊಳ್ಳುತ್ತಿದ್ದಳು. ಗೋವಿಂದಮ್ಮನೂ ನಗುತ್ತಿದ್ದಳು. "ಏನ್ ಮಾಡ್ಲಿ ಅತ್ತೆ, ಆ ವಾರ ಕಣ್ಣೇ ಬೇರೆ ಬತ್ತವೆ ನಂಗೆ" ಎನ್ನುತ್ತಿದ್ದಳು.

ಈಗ ಮೂರು ತಿಂಗಳಿಂದ ಆ ವಾರ ಬಂದೇ ಇರಲಿಲ್ಲ.

*

ಅಮ್ಮನೋರ ಪೆಟ್ಟಿಗೆ ದೀಪಾವಳಿ ಅಮಾವಾಸ್ಯೆಗೆ ಮನೆಗೆ ಬಂದಿತ್ತು. ಹಲಸಿನ ಮರದ ಹಳೇ ಪೆಟ್ಟಿಗೆ. ಒಳಗೆ ಕುಲದೇವತೆಯ ಮುಖವಾಡ, ಬೆಳ್ಳಿ ಕಣ್ಣು. ದಾಯಾದಿಗಳ ಮನೆಗಳಲ್ಲಿ ಸರದಿಯ ಮೇಲೆ ಇರುತ್ತದೆ, ಯುಗಾದಿಗೆ ಮುಂದಿನ ಮನೆಗೆ ಹೋಗುತ್ತದೆ. ಅಲ್ಲಿಯತನಕ ಬೆಳಿಗ್ಗೆ ಸಂಜೆ ಅದರ ಮುಂದೆ ದೀಪ ಹಚ್ಚಿ ಎಡೆ ಇಡಬೇಕು. ಹಚ್ಚುವವಳು ಆ ಮನೆಯ ಮುತ್ತೈದೆಯೇ ಆಗಿರಬೇಕು, ಮಡಿಯಲ್ಲಿರಬೇಕು. ಒಂದು ಹೊತ್ತು ತಪ್ಪಿದರೂ ಪೆಟ್ಟಿಗೆ ಎದ್ದು ಹೋಗುತ್ತದೆ.

ಹಿಂದೆ ಕಷ್ಟವಿರಲಿಲ್ಲ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಮುತ್ತೈದೆಯರು, ಒಬ್ಬಳು ಹೊರಗಾದರೆ ಇನ್ನೊಬ್ಬಳು ಹಚ್ಚುತ್ತಿದ್ದಳು. ಈಗ ವರಲಕ್ಷ್ಮಮ್ಮನ ಗಂಡ ನಾರಾಯಣಪ್ಪ ತೀರಿಹೋಗಿದ್ದ. ಮಗಳು ಅಶ್ವತ್ಥಿಗೆ ಮದುವೆಯಾಗಿರಲಿಲ್ಲ. ಹೊಸೂರಿನಲ್ಲಿ ಪ್ಲಸ್ ಟೂ ಓದುತ್ತಿದ್ದಳು, ತನ್ನ ಮೂರು ದಿನ ಬಂದರೆ ಚಾಪೆ ಸುತ್ತಿಕೊಂಡು ಎದುರುಮನೆಯ ಜಗಲಿ ಕೋಣೆ ಸೇರುತ್ತಿದ್ದಳು. ಉಳಿದವಳು ಗೋವಿಂದಮ್ಮ ಒಬ್ಬಳೇ.

ದಾಯಾದಿಗಳಲ್ಲಿ ಹಿರಿಯನಾದ ಮುತ್ತರಾಯಪ್ಪ ಜಗಲಿ ಮೇಲೆ ಕುಂತು ಅದನ್ನೇ ಎತ್ತಿದ್ದ. "ಒಬ್ಳೇ ಮುತ್ತೈದೆ ಇರೋ ಮನೇಲಿ ಪೆಟ್ಟಿಗೆ ನಿಲ್ಲದು ಕಣಮ್ಮ ವರಲಕ್ಷ್ಮಿ. ತಿಂಗಳಾ ತಿಂಗಳಾ ಏನ್ ಮಾಡೀಯ? ಈ ಸಲ ನಿಮ್ ಮನೆ ಬುಟ್ಟು ಮುಂದಕ್ಕೆ ಹೋಗ್ಲಿ."

"ಬುಟ್ಟು ಹೋಗಾಕೆ ನಮ್ಮನೆ ಏನ್ ಹಾಳು ಬಿದ್ದೈತಾ ಭಾವ?" ಎಂದಿದ್ದಳು ವರಲಕ್ಷ್ಮಮ್ಮ. "ಅವ್ರು ಹೋದ್ರು ಅಂತ ಮನೇನೂ ಹೋಯ್ತಾ? ಪೆಟ್ಟಿಗೆ ತತ್ತನ್ನಿ. ತಿಂಗಳಿನ ಮಾತು ನಂಗೆ ಬುಡಿ."

ಅವಳು ಅದಕ್ಕೆ ಹುಡುಕಿದ ದಾರಿ ಹೊಸೂರು ಬಸ್ ಸ್ಟಾಂಡ್ ಹತ್ತಿರದ ಔಷಧಿ ಅಂಗಡಿಯಲ್ಲಿ ಸಿಗುವ ಸಣ್ಣ ಬಿಳೀ ಮಾತ್ರೆ. ಮದುವೆ, ಗೃಹಪ್ರವೇಶದ ಹೊತ್ತಿಗೆ ಮುಟ್ಟು ಮುಂದಕ್ಕೆ ತಳ್ಳಲು ಹೆಂಗಸರು ಮೂರು ನಾಲ್ಕು ದಿನ ನುಂಗುತ್ತಿದ್ದುದು. ಮೂರು ದಿನಕ್ಕೆ ಆಗುವುದು ನೂರು ದಿನಕ್ಕೆ ಯಾಕಾಗಬಾರದು? ಪ್ರತಿ ಸಂಜೆ ದೀಪ ಹಚ್ಚಿದ ಮೇಲೆ ವರಲಕ್ಷ್ಮಮ್ಮ ಸೊಸೆಯ ಅಂಗೈಗೆ ಮೊದಲು ಮಾತ್ರೆ ಇಟ್ಟು, ಆಮೇಲೆ ಉದ್ಧರಣೆಯಲ್ಲಿ ತೀರ್ಥ ಹಾಕುತ್ತಿದ್ದಳು. ಗೋವಿಂದಮ್ಮ ಎರಡನ್ನೂ ಒಟ್ಟಿಗೆ ನುಂಗಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಗಂಡಸರಿಗೆ ಇಂಥದ್ದೆಲ್ಲ ಹೇಳುವ ವಾಡಿಕೆಯಿಲ್ಲ, ಹಾಗಾಗಿ ರಾಮಚಂದ್ರನಿಗೆ ಹೇಳಿರಲಿಲ್ಲ.

ಮೊದಲ ತಿಂಗಳು ಅತ್ತಿಗೆ ಸ್ವಲ್ಪ ಮೆತ್ತಗಾದಳು. ಎರಡನೆಯದರಲ್ಲಿ ಜಗಳ ನಿಂತಿತು. ಆಮೇಲೆ ಹಾಡು ನಿಂತಿತು. ಅದು ನಿಂತಿದ್ದು ಯಾವಾಗ ಎಂದು ಅಶ್ವತ್ಥಿಗೆ ನೆನಪೇ ಆಗಲಿಲ್ಲ. ಪಾತ್ರೆ ತಿಕ್ಕುವಾಗ ಹಿತ್ತಿಲಿನಿಂದ ಬರುತ್ತಿದ್ದ ಗುನುಗು ಎಂದೋ ಒಂದು ದಿನ ಇಲ್ಲವಾಗಿ, ಬರೀ ಬೂದಿ ಉಜ್ಜುವ ಸದ್ದು ಉಳಿದಿತ್ತು.

*

ಅವರೇಕಾಯಿ ಕಾಲ. ಹಿತುಕಿದ ಬೇಳೆ ಸಾರು ಕುದಿಯುತ್ತಿದ್ದರೆ ಬೀದಿಗೆಲ್ಲ ಸೊಗಡು ಹೊಡೆಯುತ್ತಿತ್ತು. ಹೋದ ವರ್ಷ ಗೋವಿಂದಮ್ಮ ಒಲೆ ಮುಂದೆಯೇ ಸೌಟು ನೆಕ್ಕಿ ಸಿಕ್ಕಿಬಿದ್ದು ಅತ್ತೆಯ ಕೈಲಿ ಬೈಸಿಕೊಂಡಿದ್ದಳು. ಈ ವರ್ಷ ಎಲ್ಲರಿಗೂ ಬಡಿಸಿ, ಕೊನೆಗೆ ತಾನೂ ಒಂದು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿದಳು. ಬೇಡ ಅನ್ನಲಿಲ್ಲ, ಇನ್ನೊಂದು ಸೌಟು ಹಾಕಿಕೊಳ್ಳಲೂ ಇಲ್ಲ.

ರಾಮಚಂದ್ರ ಆ ದಿನ ಬರುವಾಗ ಬೇಕರಿಯಿಂದ ಮೈಸೂರುಪಾಕು ಕಟ್ಟಿಸಿಕೊಂಡು ಬಂದಿದ್ದ. ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು, "ಏನ್ ತಂದಿದೀನಿ ಹೇಳು ನೋಡಾನ" ಎಂದ.

"ಗೊತ್ತಿಲ್ಲ."

"ಮೂಸು."

ಮೂಸಿದಳು. "ತುಪ್ಪದ್ದು."

"ತಿನ್ನು ಮತ್ತೆ."

ತಿಂದಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತ.

"ಚೆನ್ನಾಗೈತಾ?"

"ಚೆನ್ನಾಗೈತೆ."

"ಹಂಗಂತ ನಿನ್ ಬಾಯಿ ಹೇಳ್ತೈತೆ. ಮುಖ ನೋಡಿದ್ರೆ ಸುಣ್ಣದ ಉಂಡೆ ತಿಂದಂಗೈತೆ." ಅವನ ದನಿ ಏರಿತು. "ನನ್ ಮೇಲೆ ಏನಾರ ಕ್ವಾಪ ಇದ್ರೆ ಬಾಯ್ಬುಟ್ಟು ಬೈಯೇ! ಏನೋ ಬಾಡಿಗೆಗೆ ಬಂದೋಳ ಥರ ಓಡಾಡ್ಬೇಡ!"

"ಕ್ವಾಪ ಇಲ್ಲ."

"ಇನ್ನೇನು?"

"ಏನೂ ಇಲ್ಲ."

ವರಲಕ್ಷ್ಮಮ್ಮ ಒಳಗಿಂದಲೇ ಸಿಡುಕಿದಳು. "ಯಾಕ್ಲಾ ಅವಳನ್ನ ಕೆಣಕ್ತೀಯ? ಬೇಕು ಬೇಕು ಅಂತಿದ್ದಾಗ 'ಇವಳ ಕಾಟ ತಡೀಲಾರೆ' ಅಂತಿದ್ದೆ. ಈಗ ಏನೂ ಕೇಳದಂಗೆ ಅವಳ ಪಾಡಿಗೆ ಅವಳು ಕೆಲಸ ಮಾಡ್ಕೊಂಡವ್ಳೆ. ಸುಖ ಹೆಚ್ಚಾಯ್ತಾ ನಿಂಗೆ?"

"ಅವ್ವ, ನಗೋದು ಮರ್ತೋಗವ್ಳೆ ಕಣವ್ವ."

"ಅಮ್ಮನೋರ ಸೇವೆ ಮಾಡೋಳು ಕಿಸಿಕಿಸಿ ನಕ್ಕೊಂಡಿರ್ಬೇಕಾ?"

ಅಶ್ವತ್ಥಿ ತಟ್ಟೆ ಮುಂದಿಟ್ಟುಕೊಂಡು ಇಬ್ಬರನ್ನೂ ನೋಡಿದಳು. ಅವ್ವನ ಮಾತಿನಲ್ಲಿ ಸುಳ್ಳಿರಲಿಲ್ಲ. ಮನೆ ಇಷ್ಟು ಅಚ್ಚುಕಟ್ಟಾಗಿ, ಇಷ್ಟು ನಿಶ್ಶಬ್ದವಾಗಿ ಎಂದೂ ನಡೆದಿರಲಿಲ್ಲ. ಗೋವಿಂದಮ್ಮ ಗಂಡ ಬೈದು ಮುಗಿಸುವವರೆಗೆ ಕಾದಿದ್ದು, ಆಮೇಲೆ ಅವನ ಕೈಯಿಂದ ಖಾಲಿ ಕಾಗದ ತೆಗೆದುಕೊಂಡು, ಮಡಿಸಿ, ಒಲೆಗೆ ಹಾಕಿದಳು.

*

ಹೊಲಿಗೆ ಮಿಷನ್ ಮನೆಗೆ ಬಂತು. ಕಿಟಕಿ ಪಕ್ಕ ನಿಂತಿತು. ಅದರ ಮೇಲೆ ಯಾರೋ ಒಣಗಿದ ಬಟ್ಟೆ ಮಡಿಸಿಟ್ಟರು. ಆದರೆ ಮಿಷನ್ ಸುದ್ದಿಗಿಂತ ಜೋರಾಗಿ ಬೇರೊಂದು ಸುದ್ದಿ ಊರಲ್ಲಿ ಓಡಾಡಿತು. ಮೊದಲ ಪ್ರೈಜು ಬಂದರೂ ಆ ಹೆಣ್ಣುಮಗಳು ಕಣ್ಣು ಮಿಟುಕಿಸಲಿಲ್ಲವಂತೆ. ಆಸೆಯನ್ನೇ ಸುಟ್ಟುಕೊಂಡಿದ್ದಾಳಂತೆ. ಪೆಟ್ಟಿಗೆ ಒಳಗಿನ ತಾಯಿ ಅವಳ ಮೈಯೊಳಗೆ ಬಂದು ಕೂತಿದ್ದಾಳಂತೆ.

ಮಂಗಳವಾರ ಸಂಜೆ ದೀಪದ ಹೊತ್ತಿಗೆ ಮೊದಲು ಇಬ್ಬರು ಹೆಂಗಸರು ಬಂದರು. ಶುಕ್ರವಾರಕ್ಕೆ ನಡುಮನೆ ತುಂಬಿತು. ಅವರು ಪೆಟ್ಟಿಗೆಗೆ ಕೈ ಮುಗಿದು ಆಮೇಲೆ ಗೋವಿಂದಮ್ಮನ ಕಡೆ ತಿರುಗಿ ಅವಳಿಗೂ ಮುಗಿಯುತ್ತಿದ್ದರು. ಅವಳು ದೀಪದ ಪಕ್ಕ ಕೂತಿರುತ್ತಿದ್ದಳು. ಬೆಳಕು ಅವಳ ಒಂದು ಕೆನ್ನೆ ಮೇಲೆ ಬಿದ್ದು, ಇನ್ನೊಂದು ಕೆನ್ನೆ ಕತ್ತಲಲ್ಲಿರುತ್ತಿತ್ತು. ಕಣ್ಣು ತೆರೆದೇ ಇರುತ್ತಿದ್ದವು. ಯಾರನ್ನೂ ನೋಡುತ್ತಿರಲಿಲ್ಲ, ಯಾರನ್ನೂ ಬಿಡುತ್ತಲೂ ಇರಲಿಲ್ಲ.

ಬಚ್ಚಪ್ಪನ ಹೆಂಡತಿ ಕಾಲಿಗೆ ಬಿದ್ದು, "ನಮ್ ಸೀಮೆ ಹಸು ಕಳ್ದೋಗೈತೆ ತಾಯಿ, ಸಿಕ್ತದಾ?" ಎಂದಳು.

"ಸಿಕ್ತದೆ" ಎಂದಳು ಗೋವಿಂದಮ್ಮ, ಮಾತಿಗೆ ಮಾತು ಎನ್ನುವಂತೆ.

ಹಸು ಜೂಜುವಾಡಿ ಗಡಿಯ ಹತ್ತಿರ ಲಾರಿ ನಿಲ್ಲುವ ಬಯಲಲ್ಲಿ ಮೇಯುತ್ತಾ ಸಿಕ್ಕಿತು. ಅಲ್ಲಿಂದ ಮುಂದೆ ಕೇಳುವುದೇ ಬೇಡ. ಬಾಳೆಗೊನೆ ಬಂತು, ಕೊಬ್ಬರಿ ಬಂತು, ಜರಿಯಂಚಿನ ಹಸಿರು ಸೀರೆ ಬಂತು. ಸೀರೆಯನ್ನು ಮಡಿಲಲ್ಲಿ ಇಟ್ಟಾಗ ಅಶ್ವತ್ಥಿ ಉಸಿರು ಹಿಡಿದು ಅತ್ತಿಗೆಯ ಬೆರಳುಗಳನ್ನೇ ನೋಡಿದಳು. ಹಸಿರು ಎಂದರೆ ಪ್ರಾಣ ಬಿಡುತ್ತಿದ್ದವಳು ಇವಳು. ಬೆರಳು ಜರಿಯ ಮೇಲೆ ಬಿದ್ದಿದ್ದವು, ಅಲ್ಲಿಯೇ ಇದ್ದವು. ಒಂದು ಸಲವೂ ಸವರಲಿಲ್ಲ.

"ನೋಡು, ನೋಡು, ಹೆಂಗವ್ಳೆ ನೋಡು!" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ವರಲಕ್ಷ್ಮಮ್ಮನ ಬೆನ್ನು ನೆಟ್ಟಗಾಗಿತ್ತು. ಗಂಡ ಹೋದ ಮೇಲೆ ಮೊದಲ ಸಲ ಬೀದಿಯಲ್ಲಿ ಅವಳಿಗೆ ಜನ ದಾರಿ ಬಿಡುತ್ತಿದ್ದರು. ಮುತ್ತರಾಯಪ್ಪನೇ ಬಂದು, ಈ ಸಲ ಜಗಲಿ ಮೇಲಲ್ಲ, ಒಳಗೆ ಚಾಪೆ ಮೇಲೆ ಕೂತು, ದನಿ ತಗ್ಗಿಸಿ ಹೇಳಿದ:

"ನಾನಂದಿದ್ದು ತಪ್ಪು ಕಣಮ್ಮ. ತಾಯಿ ನಿಮ್ಮನೆ ಒಪ್ಕೊಂಡವ್ಳೆ. ಯುಗಾದಿಗೆ ಎತ್ತೋದು ಬ್ಯಾಡ, ಮುಂದಿನ ದೀಪಾವಳಿಗಂಟ ಇಲ್ಲೇ ಇರ್ಲಿ ಅಂತ ಎಲ್ರೂ ಮಾತಾಡ್ಕೊಂಡ್ವಿ."

"ಅಮ್ಮನೋರ ಇಷ್ಟ ಭಾವ" ಎಂದಳು ವರಲಕ್ಷ್ಮಮ್ಮ. ಅವಳ ಕಣ್ಣಲ್ಲಿ ನೀರಿತ್ತು.

*

ಭಾನುವಾರ ಮಧ್ಯಾಹ್ನ. ಮನೆಯಲ್ಲಿ ಎಲ್ಲರೂ ಉಂಡು ಉರುಳಿಕೊಂಡಿದ್ದರು. ಅಶ್ವತ್ಥಿ ಪರೀಕ್ಷೆಗೆ ಓದುವ ನೆಪದಲ್ಲಿ ಪುಸ್ತಕ ಹಿಡಿದು ಬಾಗಿಲಲ್ಲಿ ಕೂತಿದ್ದಳು. ಗೋವಿಂದಮ್ಮ ಹತ್ತಿ ಹರವಿಕೊಂಡು ಬತ್ತಿ ಹೊಸೆಯುತ್ತಿದ್ದಳು. ಅವಳ ಮೂರು ವರ್ಷದ ಮಗಳು ಸರಸಿ ಅಡಿಗೆಮನೆಯಿಂದ ಬೆಲ್ಲದ ಉಂಡೆ ಕದ್ದು ತಂದು ಅಮ್ಮನ ಮುಂದೆ ಕುಕ್ಕುರುಗಾಲಲ್ಲಿ ಕೂತಳು.

ಅದು ಅವರಿಬ್ಬರ ಹಳೇ ಆಟ. ಮಗು ಬೆಲ್ಲದ ಚೂರನ್ನು ಅಮ್ಮನ ಬಾಯಿಗೆ ಇಡಬೇಕು, ಅಮ್ಮ ಕಣ್ಣರಳಿಸಿ "ಆಹಹಹಾ!" ಎಂದು ಬೀಳುವಂತೆ ನಟಿಸಿ, ಮಗುವಿನ ಬೆರಳನ್ನು ಕಚ್ಚಬೇಕು, ಮಗು ಕಿರುಚಬೇಕು.

ಸರಸಿ ಒಂದು ಚೂರು ಇಟ್ಟಳು. ಗೋವಿಂದಮ್ಮ ಬಾಯಿ ತೆರೆದು ತೆಗೆದುಕೊಂಡಳು. ಮಗು ಮುಖ ನೋಡಿತು. ಏನೂ ಆಗಲಿಲ್ಲ. ಇನ್ನೊಂದು ಇಟ್ಟಿತು. ನೋಡಿತು. ಇನ್ನೊಂದು. ಚೂರು ಸಾಲದೇನೋ ಎಂದು ದೊಡ್ಡದು ಮುರಿದು ತುರುಕಿತು. ಗೋವಿಂದಮ್ಮನ ಕೆನ್ನೆ ಉಬ್ಬಿದವು. ತುಟಿ ಮುಚ್ಚಲಾಗದೆ ಕಂದು ಜೊಲ್ಲು ಗದ್ದದ ಮೇಲೆ ಇಳಿಯಿತು, ಎದೆ ಮೇಲೆ ತೊಟ್ಟಿಕ್ಕಿತು. ಅವಳು ನುಂಗಲಿಲ್ಲ, ಉಗುಳಲಿಲ್ಲ, ಬೇಡ ಎನ್ನಲಿಲ್ಲ. ಮಗು ಇಟ್ಟಾಗ ಬಾಯಿ ತೆರೆಯುತ್ತಿದ್ದಳು, ಅಷ್ಟೆ. ಕೆಳಗೆ ಅವಳ ಕೈಗಳು ಮಾತ್ರ ಒಂದರ ಹಿಂದೊಂದು ಬತ್ತಿ ಹೊಸೆಯುತ್ತಲೇ ಇದ್ದವು.

ಸರಸಿ ಎದ್ದು ನಿಂತು, ಅಮ್ಮನ ಎರಡೂ ಕೆನ್ನೆ ಹಿಡಿದು, ಬಾಯೊಳಗೆ ಬಗ್ಗಿ ನೋಡಿ ಕೂಗಿದಳು. "ಅಮ್ಮಾ!" ಬಾವಿಯೊಳಕ್ಕೆ ಕೂಗಿದ ಹಾಗೆ. ಒಂದು ಗಳಿಗೆ ಕಿವಿಗೊಟ್ಟಳು. ಮತ್ತೆ, "ಅಮ್ಮಾ!"

ಅಶ್ವತ್ಥಿ ಪುಸ್ತಕ ಬಿಸಾಡಿ ಓಡಿಬಂದು ಮಗುವನ್ನು ಎತ್ತಿಕೊಂಡಳು. ಅತ್ತಿಗೆಯ ಬಾಯಿಗೆ ಬೆರಳು ಹಾಕಿ ಬೆಲ್ಲ ತೆಗೆದಳು. ಅವಳ ಸೆರಗಿನಿಂದಲೇ ಗದ್ದ ಒರೆಸಿದಳು.

"ಯಾಕತ್ತಿಗೆ ಹಿಂಗೆ? ಸಿಹಿ ಗೊತ್ತಾಗಲ್ವಾ ನಿಂಗೆ?"

"ಗೊತ್ತಾಗ್ತೈತೆ. ಸಿಹಿ ಸಿಹಿಯಾಗೇ ಐತೆ." ಗೋವಿಂದಮ್ಮ ಸ್ವಲ್ಪ ಯೋಚಿಸಿ ಹೇಳಿದಳು. "ಆದ್ರೆ ನಂಗಲ್ಲ ಕಣೇ ಅಶ್ವತ್ಥಿ. ಪಕ್ಕದ ಮನೇಲಿ ಯಾರೋ ತಿಂತಾವ್ರೆ, ನಂಗೆ ಗೋಡೆ ಈಚೆಯಿಂದ ಕೇಳಿಸ್ತೈತೆ. ಅಂಗೆ."

"ಸರಸಿ ನಗೋದು?"

"ಅದೂ ಪಕ್ಕದ ಮನೇದೇ."

ಮಗು ಅಶ್ವತ್ಥಿಯ ಕುತ್ತಿಗೆಗೆ ಮುಖ ಒತ್ತಿಕೊಂಡಿತು. ಅಂದು ರಾತ್ರಿಯಿಂದ ಅದು ಅಮ್ಮನ ಪಕ್ಕ ಮಲಗಲು ಒಪ್ಪಲಿಲ್ಲ. ಯಾಕಮ್ಮಿ ಎಂದು ಕೇಳಿದರೆ, ಬಾಗಿಲ ಕಡೆ ಬೆರಳು ಮಾಡಿ, "ನಮ್ಮಮ್ಮ ಇನ್ನೂ ಬಂದಿಲ್ಲ" ಎನ್ನುತ್ತಿತ್ತು.

*

"ಬರೋವಾಗ ಬಸ್ ಸ್ಟಾಂಡ್ ಅಂಗಡೀಲಿ ಇದ್ನ ತಗೊಂಡ್ ಬಾ. ಒಂದೇ ಉಳ್ದೈತೆ" ಎಂದು ಮಾರನೆಯ ಬೆಳಿಗ್ಗೆ ವರಲಕ್ಷ್ಮಮ್ಮ ಮಾತ್ರೆಯ ಖಾಲಿ ಹಾಳೆಯನ್ನು ಮಗಳ ಕೈಗೆ ಕೊಟ್ಟಳು. "ಜಾಸ್ತೀನೇ ಹಾಕ್ಸ್ಕೊ. ದೀಪಾವಳಿಗಂಟ ಬೇಕು."

ಇಷ್ಟು ದಿನ ವರಲಕ್ಷ್ಮಮ್ಮನೇ ಹೋಗಿ ತರುತ್ತಿದ್ದಳು. ಈಗ ಬೀದಿಯಲ್ಲಿ ಜನ ಮಾತಾಡಿಸುವುದು ಹೆಚ್ಚಾಗಿ, ಔಷಧಿ ಅಂಗಡಿ ಮುಂದೆ ನಿಲ್ಲಲು ಅವಳಿಗೆ ಅಳುಕು.

ಶಾಲೆಗೆ ಹೋಗುವ ಮುಂಚೆಯೇ ಅಶ್ವತ್ಥಿ ಅಂಗಡಿಗೆ ಹೋಗಿ ಅವ್ವನ ಹೆಸರು ಹೇಳಿದಳು. ಅಂಗಡಿಯವನು ಹಾಳೆ ತಿರುಗಿಸಿ ನೋಡಿ ತಮಿಳಿನಲ್ಲಿ, "ಇನ್ನುಮಾ?" ಎಂದ. ಇನ್ನೂ ನಡೀತಿದೆಯಾ ಎಂದು. ಆಮೇಲೆ ಅವಳ ಯೂನಿಫಾರಂ ನೋಡಿ, ತನ್ನ ಹರಕು ಕನ್ನಡದಲ್ಲಿ ಹೇಳಿದ: "ಇದು ಮೂರು ದಿನಕ್ಕೆ ಕೊಡೋದಮ್ಮ. ನಿಮ್ಮನೇಲಿ ದೀಪಾವಳಿಯಿಂದ ತಗೊಂತಾ ಇದಾರೆ. ಡಾಕ್ಟರ್ ಸೊಲ್ಲಿದ್ರಾ, ಹೇಳಿದ್ರಾ?"

ದೀಪಾವಳಿಯಿಂದ. ಅಶ್ವತ್ಥಿ ಹಾಳೆಯನ್ನು ಕಸಿದುಕೊಂಡು ಹೊರಗೆ ಬಂದಳು. ಹಾಡು ನಿಂತಿದ್ದು, ಜಗಳ ನಿಂತಿದ್ದು, ನೀರು ಹುಯ್ದುಕೊಂಡ ವಾರ ಬಾರದೇ ಹೋಗಿದ್ದು, ಎಲ್ಲವೂ ದೀಪಾವಳಿಯ ಈಚೆಗೇ. ಅವಳ ಮಾತು ಬಾಯಲ್ಲೇ ಇತ್ತು, ಕೇಳಲು ಒಬ್ಬರು ಬೇಕಿತ್ತು. ಶಾಲೆಯ ಮೂರನೇ ಗಂಟೆಗೆ 'ನಾಳಮಿಲ್ಲಾ ಸುರಪ್ಪಿಗಳ್' ಎಂಬ ಪಾಠ, ದೇಹದೊಳಗೆ ರಸ ಸ್ರವಿಸುವ ಗ್ರಂಥಿಗಳದ್ದು. ಅದನ್ನು ಹೇಳುವ ತುಳಸಮ್ಮ ಟೀಚರ್ ಹೊಸೂರಿನವರೇ, ಮನೆಮಾತು ಕನ್ನಡ. ಪಾಠ ಮುಗಿದ ಮೇಲೆ ಅಶ್ವತ್ಥಿ ಅವರ ಹಿಂದೆಯೇ ಹೋಗಿ, ವರಾಂಡದಲ್ಲಿ ನಿಲ್ಲಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಬೆಲ್ಲದ ತನಕ.

ತುಳಸಮ್ಮ ಮಾತ್ರೆಯ ಹಾಳೆಗೆ ಕೈ ಚಾಚಿದರು.

"ಮೂರು ತಿಂಗಳಾ? ದಿನಾ ತಪ್ಪದೆ?"

"ತೀರ್ಥದ ಜೊತೆ, ಟೀಚರ್."

"ಅಯ್ಯೋ ದೇವರೆ." ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು. "ನೋಡು ಮರಿ, ಮುಟ್ಟು ಮುಗಿದ ಮೇಲೆ ನಮ್ಮ ಮೈಯಲ್ಲಿ ಒಂದು ರಸ ಏರತ್ತೆ. ಆಗ ಸಣ್ಣ ಖುಷಿಗೂ ತಲೆಯೊಳಗೆ ಗಂಟೆ ಹೊಡೆದಂಗಾಗತ್ತೆ. ನಂಗೂ ಆಗತ್ತೆ, ನಿಂಗೂ ಆಗತ್ತೆ. ಆಮೇಲೆ ಎರಡನೇ ರಸ ಏರಿ ಆ ಗಂಟೆಗೆ ಬಟ್ಟೆ ಸುತ್ತತ್ತೆ. ಮುಟ್ಟಾದಾಗ ಬಟ್ಟೆ ಬಿಚ್ಚಿಕೊಳ್ಳತ್ತೆ. ಈ ಮಾತ್ರೆ ಎರಡನೇದರ ಜಾತಿದು. ನಿಮ್ಮತ್ತಿಗೆಗೆ ಬಟ್ಟೆ ಬಿಚ್ಚೋಕೇ ಬಿಟ್ಟಿಲ್ಲ ನೀವು."

"ಅಂದ್ರೆ ಅಮ್ಮನೋರು ಅಲ್ವಾ?"

"ಅಮ್ಮನೋರ ವಿಷಯ ನಂಗೊತ್ತಿಲ್ಲ. ಇದೂ ನಂಗೆ ಪೂರ್ತಿ ಗೊತ್ತಿಲ್ಲ, ಎಲ್ಲರಿಗೂ ಹಿಂಗಾಗಲ್ಲ. ಆದರೆ ಒಬ್ಬ ಲೇಡಿ ಡಾಕ್ಟರ್ ನಂಗೆ ಪರಿಚಯ. ಮೊದಲು ಅಲ್ಲಿಗೆ ಕರ್ಕೊಂಡು ಬಾ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಬಸ್ ಸ್ಟಾಂಡಲ್ಲಿ ನಾನೇ ನಿಂತಿರ್ತೀನಿ."

"ಸರಿ ಹೋಗ್ತಾರಾ ಟೀಚರ್?"

"ಹೋಗ್ಬಹುದು. ಬೇಗ ಕರ್ಕೊಂಡು ಬಾ."

*

ಸಂಜೆ ದೀಪಕ್ಕೆ ಬಂದ ಹೆಂಗಸರು ಹೋದ ಮೇಲೆ ಜಗಳ ಹತ್ತಿತು.

"ತರಲಿಲ್ಲ ಅಂದ್ರೆ ಏನೇ ಅರ್ಥ?"

"ತರಲಿಲ್ಲ ಅಂದ್ರೆ ತರಲಿಲ್ಲ. ತರೋದೂ ಇಲ್ಲ. ಆ ಮಾತ್ರೇನೇ ಅತ್ತಿಗೇನ ಹಿಂಗ್ ಮಾಡಿರೋದು! ನಾಳೆ ಡಾಕ್ಟ್ರಮ್ಮನ ಹತ್ರ ಕರ್ಕೊಂಡ್ ಬಾ ಅಂದವ್ರೆ ನಮ್ ಟೀಚರ್."

"ಮುಚ್ಚೇ ಬಾಯಿ! ಎರಡಕ್ಷರ ಓದ್ಬುಟ್ಟು ದೇವ್ರಿಗೇ ಮಾತ್ರೆ ಅಂತಾಳೆ!"

"ದೇವ್ರಿಗಂದ್ನಾ? ನೀನು ದಿನಾ ತಿನ್ನಿಸ್ತಾ ಇರೋದಕ್ಕೆ ಅಂದೆ. ಊರೋರೆಲ್ಲ ಕಾಲಿಗೆ ಬೀಳ್ತಾರಲ್ಲ, ಅವ್ರಿಗೆ ಹೇಳ್ಲಾ, ಇವ್ರ ತಾಯಿ ಔಷ್ದಿ ಅಂಗ್ಡೀಲಿ ಸಿಕ್ತಾಳೆ ಅಂತ?"

ವರಲಕ್ಷ್ಮಮ್ಮನ ಕೈ ಮಗಳ ಕೆನ್ನೆಗೆ ಬಡಿಯಿತು. ಸರಸಿ ಅಳತೊಡಗಿದಳು. ಹೊರಗೆ ಕಾಲು ತೊಳೆಯುತ್ತಿದ್ದ ರಾಮಚಂದ್ರ ಒಳಗೆ ಬಂದ.

"ಯಾವ ಮಾತ್ರೆ?"

ವರಲಕ್ಷ್ಮಮ್ಮ ಅಳುತ್ತಿದ್ದ ಸರಸಿಯ ಕಡೆ ತಿರುಗಿದಳು.

"ಕೇಳ್ತಾ ಇವ್ನಿ. ಯಾವ ಮಾತ್ರೆ ಅವ್ವ?"

"ಹೊರಗಾಗದಂಗೆ ತಡ್ಯೋದು" ಎಂದಳು ಅಶ್ವತ್ಥಿ, ಕೆನ್ನೆ ಹಿಡಿದುಕೊಂಡೇ. "ದೀಪಾವಳಿಯಿಂದ ತಿನ್ನಿಸ್ತಾವ್ಳೆ."

ರಾಮಚಂದ್ರ ಹೊಸಲಿನ ಮೇಲೆ ಹಾಗೇ ಕೂತುಬಿಟ್ಟ. ಅವನ ಕಾಲಿನ ನೀರು ನೆಲದ ಮೇಲೆ ಹರಡಿತು. "ನಾನು ಇನ್ನೊಂದ್ ಕೂಸು ಅಂದ್ಕೊಂಡಿದ್ದೆ" ಎಂದ. "ಬಸುರೀರು ಹಿಂಗೆ ಮಂಕಾಗ್ತಾರೇನೋ ಅಂತ. ಫ್ಯಾಕ್ಟ್ರೀಲಿ ಜೊತೆಯೋರಿಗೆಲ್ಲ ಟೀ ಕೊಡ್ಸಿದೀನಿ ಕಣವ್ವ."

"ನಾನೇನ್ ನನಗೋಸ್ಕರ ಮಾಡಿದ್ನೇನ್ಲಾ?" ವರಲಕ್ಷ್ಮಮ್ಮ ಹೊಸಲಿನ ಕಡೆ ಕೈ ತೋರಿಸಿದಳು. "ನಿಮ್ಮಪ್ಪ ಹೋದ ಮೇಲೆ ಈ ಹೊಸ್ಲು ಯಾರು ತುಳಿದ್ರು? ಮದ್ವೆ ಮನೇಲಿ ನನ್ನ ಮೂಲೇಲಿ ಕೂರ್ಸಿದ್ರು. ಈಗ ನೋಡು! ಇಷ್ಟಕ್ಕೂ ನಾನೇನ್ ಅವಳ ಬಾಯಿ ಒತ್ತಿ ಹಿಡ್ದು ಹಾಕಿದ್ನಾ? ಕೇಳ್ರಿ ಅವಳನ್ನೇ! ಬ್ಯಾಡ ಅಂತ ಒಂದ್ ದಿನ ಅಂದವ್ಳಾ ಕೇಳ್ರಿ!"

ಮೂವರೂ ಗೋವಿಂದಮ್ಮನ ಕಡೆ ತಿರುಗಿದರು. ಅವಳು ದೀಪದ ಪಕ್ಕ ತನ್ನ ಜಾಗದಲ್ಲೇ ಕೂತಿದ್ದಳು. ಇಷ್ಟು ಹೊತ್ತೂ ತನ್ನ ವಿಷಯವೇ ನಡೆಯುತ್ತಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಗೊತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಅಷ್ಟೇ ಕಾಣುತ್ತಿತ್ತು.

"ಹೇಳೇ" ಎಂದ ರಾಮಚಂದ್ರ. "ನಿಂಗೇನ್ ಬೇಕು? ಬುಡ್ಬೇಕಾ, ತಗೋಬೇಕಾ?"

"ಬುಡು ಅಂದ್ರೆ ಬುಡ್ತೀನಿ. ತಗೋ ಅಂದ್ರೆ ತಗೋತೀನಿ."

"ನಾವಲ್ಲ ಕಣೆ! ನಿಂಗೆ! ನಿಂಗೆ ಏನ್ ಅನ್ನಿಸ್ತೈತೆ?"

"ಬೇಕು ಅಂತ ಯಾವುದೂ ಅನ್ನಿಸಾಕಿಲ್ಲ" ಎಂದಳು ಗೋವಿಂದಮ್ಮ. "ಬುಡ್ಬೇಕು ಅಂತಾನೂ."

ಅಶ್ವತ್ಥಿಗೆ ಈಗ ಅರ್ಥವಾಯಿತು. ತನ್ನನ್ನು ಬಿಡಿಸಿ ಎಂದು ಕೂಗಬೇಕಾದವಳನ್ನೇ ಆ ಮಾತ್ರೆ ಮೊದಲು ತಿಂದುಹಾಕಿತ್ತು. ಹಗ್ಗ ಕಟ್ಟಿದವರು ಬಿಚ್ಚಿದರೆ ಬಿಚ್ಚಬೇಕು, ಇಲ್ಲದಿದ್ದರೆ ಇವಳು ಮುದುಕಿಯಾಗುವವರೆಗೂ ಹೀಗೆಯೇ ಕೂತಿರುತ್ತಾಳೆ, ಜನ ಬಂದು ಮುಗಿಯುತ್ತಲೇ ಇರುತ್ತಾರೆ.

ವರಲಕ್ಷ್ಮಮ್ಮ ಸರಸರನೆ ಒಳಗೆ ಹೋದಳು. ಉಳಿದಿದ್ದ ಒಂದು ಮಾತ್ರೆಯನ್ನು ತಂದು ಸೊಸೆಯ ಮುಂದೆ ಕುಳಿತಳು. ಅದನ್ನು ಬೆರಳ ತುದಿಯಲ್ಲಿ ಹಿಡಿದು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿದಳು.

"ಗೋವಿಂದಿ. ಇಲ್ನೋಡು. ಈಗೊಂದ್ ಸಲ ಬ್ಯಾಡ ಅನ್ನು. ಒಂದೇ ಮಾತು. ನನ್ ಮೇಲೆ ಆಣೆ, ನಾನು ಬಿಸಾಕ್ಬುಡ್ತೀನಿ. ಅನ್ನೇ."

ಗೋವಿಂದಮ್ಮ ಅತ್ತೆಯ ಮುಖ ನೋಡಿದಳು. ಮಾತ್ರೆ ನೋಡಿದಳು. ಆಮೇಲೆ ಬಾಯಿ ತೆರೆದಳು, ಮಾತಿಗಲ್ಲ. ನಾಲಿಗೆ ಸ್ವಲ್ಪ ಮುಂದೆ ಚಾಚಿ, ಕಾದಳು.

ದೀಪದ ಬೆಳಕು ಆ ಬಾಯೊಳಗೆ ಬಿದ್ದಿತ್ತು. ವರಲಕ್ಷ್ಮಮ್ಮ ಅದನ್ನೇ ನೋಡುತ್ತ ಕೂತಳು. ಬಾಯಿ ಮುಚ್ಚಿಕೊಳ್ಳಲಿಲ್ಲ. ಕೊನೆಗೆ ಅವಳು ಕೈಯಿಂದಲೇ ಸೊಸೆಯ ಗದ್ದವನ್ನು ಒತ್ತಿ, ಬಾಯಿಯನ್ನು ತಾನೇ ಮುಚ್ಚಿದಳು. ಮುಚ್ಚಿದ ಮೇಲೂ ಕೈ ತೆಗೆಯಲಿಲ್ಲ, ಮತ್ತೆ ತೆರೆದುಕೊಂಡೀತೇನೋ ಎಂಬಂತೆ.

"ಅವ್ವ" ಎಂದಳು ಅಶ್ವತ್ಥಿ.

"ಅದೇನೋ ಡಾಕ್ಟ್ರಮ್ಮ ಅಂದ್ಯಲ್ಲ." ವರಲಕ್ಷ್ಮಮ್ಮನ ದನಿ ಅವಳದ್ದೇ ಎನಿಸಲಿಲ್ಲ. "ಎಷ್ಟೊತ್ಗೆ?"

"ಒಂಬತ್ತಕ್ಕೆ. ಟೀಚರ್ ಬಸ್ ಸ್ಟಾಂಡಲ್ಲಿ ಇರ್ತಾರೆ. ನಾನು ಅಣ್ಣ ಕರ್ಕೊಂಡು ಹೋಗ್ತೀವಿ."

"ದೀಪಕ್ಕೇನ್ ಮಾಡೋದವ್ವ?" ಎಂದ ರಾಮಚಂದ್ರ.

"ಮುತ್ತರಾಯಪ್ಪ ಭಾವಂಗೆ ಈಗ್ಲೇ ಹೋಗಿ ಹೇಳ್ಬಾ. ಪೆಟ್ಟಿಗೆ ಎತ್ಕೊಂಡು ಹೋಗ್ಲಿ. ಯಾಕೆ ಅಂದ್ರೆ, ಮುತ್ತೈದೆ ಹೊರಗಾಗ್ತಾಳೆ ಅನ್ನು."

ಅವಳು ಮಾತ್ರೆಯನ್ನು ಒಲೆಯ ಬೂದಿಯೊಳಗೆ ತುರುಕಿ ಬಂದು, ಅಲ್ಲಿಯೇ ನಿಂತಿದ್ದ ಮಗಳಿಗೆ ಹೇಳಿದಳು:

"ಎಂಟು ಗಂಟೆ ಬಸ್ಸಿಗೇ ಹೊರಡಾನ. ನಾನೂ ಬತ್ತೀನಿ. ಎಷ್ಟ್ ತಿನ್ನಿಸಿದೀನಿ ಅಂತ ಆಯಮ್ಮ ಕೇಳಿದ್ರೆ ನಾನೇ ತಾನೆ ಹೇಳ್ಬೇಕು."